ಅಡ್ಡರಸ್ತೆ ಎಪ್ಪತ್ತನಾಲ್ಕು

ಬೆಳಿಗ್ಗೆ ಎಂಟಕ್ಕೆ ಪುರಭವನದ ಹಿಂಬಾಗಿಲಲ್ಲಿ ಕೊಟ್ಟರು:
ಹಳದಿ ಅಂಗಿ, ತೋಳಿಗೆ ಮೂರು ಬಣ್ಣದ ಪಟ್ಟಿ,
ಹಿಡಿಕೆಯ ತುದಿಗೆ ಕೆಂಪು ಬಿಲ್ಲೆ, ಸೀಟಿ,
ಕಾಗದದಲ್ಲಿ ಸುತ್ತಿದ ಚೀಸ್ ಬ್ರೆಡ್ಡು, ಮತ್ತೊಂದು ಚೀಟಿ:
ಅಲೀಡಾ ವೆರ್‌ಸ್ಟೌಫ್ಟ್. ಅಡ್ಡರಸ್ತೆ ಎಪ್ಪತ್ತನಾಲ್ಕು.

ದಾರಿ ಗೊತ್ತಾ ಅಜ್ಜಿ, ಎಂದ ಹುಡುಗ.
ಮೂವತ್ತೊಂದು ವರ್ಷ
ಇದೇ ದಾರಿಯಲ್ಲಿ ಅಂಚೆಚೀಲ ಹೇರಿ
ಸೈಕಲ್ಲು ತುಳಿದವಳು ನಾನು.
ಗೊತ್ತಪ್ಪ, ಅಂದೆ.
ಯಾವ ಮನೆಯ ನಾಯಿ ಬೊಗಳಿಯೂ ಕಚ್ಚುತ್ತದೆ,
ಕೋರ್ಟಿನ ಕಾಗದ ಬಂದ ದಿನ
ಯಾರು ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು,
ಎಲ್ಲ ಗೊತ್ತು.
ಗೊತ್ತಿಲ್ಲದ್ದು, ಒಂದೇ ಕಡೆ ನಿಲ್ಲುವುದು.

ನಿಂತೆ.
ಎಡಕ್ಕೆ ಉತ್ತ ನೆಲ. ಬಲಕ್ಕೆ
ತಲೆ ಕತ್ತರಿಸಿಕೊಂಡ ವಿಲೋ ಮರಗಳ ಸಾಲು.
ಏಪ್ರಿಲ್ ಗಾಳಿ ಸಮುದ್ರದಿಂದ ಹೊರಟು
ನೇರ ನನ್ನ ಮಂಡಿಯ ವಿಳಾಸಕ್ಕೇ ಬಂದಿತ್ತು.

ಹನ್ನೊಂದೂವರೆಗೆ ರಸ್ತೆ ಮುಚ್ಚಿತು. ಮುಚ್ಚಿದವಳು ನಾನೇ.
ಬೇಕರಿಯ ಓಡೀಲ್ ಬಂದಳು:
ಕೆನೆ ಕರಗುತ್ತೆ ಮಾರಾಯ್ತಿ, ಬಿಡು.
ಈ ಚಳಿಯಲ್ಲಾ?
ಬಂದ ದಾರಿಗೆ ಸುಂಕವಿಲ್ಲ, ಹಿಂದಕ್ಕೆ ತಿರುಗಿಸಿದಳು.

ಫ್ಲೋರಿಮಂಡ್ ತಿರುಗಿಸಲಿಲ್ಲ.
ವ್ಯಾನಿನಲ್ಲಿ ಬೆತ್ತದ ಬುಟ್ಟಿ, ಬುಟ್ಟಿಯಲ್ಲಿ ಹನ್ನೆರಡು ಪಾರಿವಾಳ.
ಒಂದು ಗಂಟೆಯೊಳಗೆ ಕ್ಲಬ್ಬು ಮುಟ್ಟದಿದ್ದರೆ
ನಾಳೆಯ ಪಂದ್ಯಕ್ಕೆ ಅವುಗಳ ಹೆಸರಿಲ್ಲ.
ನಾನು ಯಾರು ಗೊತ್ತಲ್ಲ ನಿನಗೆ, ಎಂದ.
ಗೊತ್ತು.
ಕೆನಡಾದಿಂದ ನಿನ್ನ ತಂಗಿ ಬರೆದ ಕಾಗದಗಳನ್ನು
ತಂದುಕೊಟ್ಟವಳು ನಾನು.
ನೀನು ಒಂದಕ್ಕೂ ಅಂಚೆಚೀಟಿ ಕೊಳ್ಳಲಿಲ್ಲ, ಅದೂ ಗೊತ್ತು.
ಆದರೆ ಈ ಬಿಲ್ಲೆಗೆ ಯಾರ ಪರಿಚಯವೂ ಇಲ್ಲ.
ಎಂಜಿನ್ ಆರಿಸಿದ.
ಬುಟ್ಟಿಯೊಳಗೆ ಗುಟುರು. ಮುನ್ನೂರು ಮೈಲಿಯಿಂದ
ಮನೆ ಹುಡುಕಬಲ್ಲ ಹಕ್ಕಿಗಳು
ನನ್ನ ಕೈ ಇಳಿಯಲೆಂದು ಕಾದವು.

ಮೊದಲು ಹೆಲಿಕಾಪ್ಟರು. ಗುಟುರು ನಿಂತಿತು.
ಆಮೇಲೆ ಮೋಟಾರು ಬೈಕುಗಳು, ಕೆಂಪು ಕಾರು.
ಸೀಟಿ ಊದಿದೆ; ಉಸಿರು ಸಾಲದೆ ಇನ್ನೊಮ್ಮೆ.
ನಿಯಮ ಹೇಳುತ್ತದೆ: ಮುಖ ವಾಹನಗಳ ಕಡೆ,
ಬೆನ್ನು ಪಂದ್ಯದ ಕಡೆ.
ಬೆನ್ನಿಗೆ ಮೊದಲು ತಿಳಿಯಿತು,
ಯಾರೋ ದೊಡ್ಡ ಮೊರದಲ್ಲಿ ಕಾಳು ಕೇರಿದ ಸದ್ದು,
ಬೆವರು, ಮುಲಾಮು, ಬಿಸಿ ರಬ್ಬರಿನ ವಾಸನೆ.
ಕಣ್ಣಿಗೆ ಕಂಡದ್ದೆಲ್ಲ ಫ್ಲೋರಿಮಂಡ್‌ನ ಮುಂಗಾಜಿನಲ್ಲಿ:
ಅವನ ಹಣೆಯ ಮೇಲೆ ಹಾದುಹೋದ ನೆತ್ತರ ಮಂಡಿ,
ಮೂಗಿನ ಮೇಲೆ ಹಸಿರು ಅಂಗಿಗಳು, ನೀಲಿ ಅಂಗಿಗಳು,
ಎಲ್ಲದರ ಹಿಂದೆ
ಎಪ್ಪತ್ತರ ಆ ಮುದುಕನ ಬಾಯಿ
ಮೊದಲ ಸಲ ರೈಲು ಕಂಡ ಮಗುವಿನಂತೆ ತೆರೆದಿತ್ತು.

ಇಪ್ಪತ್ತೆರಡು ಸೆಕೆಂಡು. ಎಣಿಸಿದ್ದೆ.

ಹಿಂದುಳಿದವರನ್ನು ಹತ್ತಿಸಿಕೊಳ್ಳುವ ಪೊರಕೆ ವ್ಯಾನೂ ಹೋಯಿತು.
ಫ್ಲೋರಿಮಂಡ್ ಹೋದ, ಗಂಟೆ ಒಂದಕ್ಕೆ ಎಂಟು ನಿಮಿಷ.
ಸಿಕ್ಕಿತೋ ಇಲ್ಲವೋ.
ಅಂಗಿ ಬಿಚ್ಚಿ ಮಡಚುತ್ತಿದ್ದೆ,
ವಿಲೋ ಸಾಲಿನ ತುದಿಯಲ್ಲಿ ಒಬ್ಬ.

ಬೆನ್ನ ಮೇಲೆ ಸಂಖ್ಯೆಯಿಲ್ಲ, ಕಿತ್ತುಕೊಟ್ಟಿದ್ದ;
ನಾಲ್ಕು ಪಿನ್ನು ಮಾತ್ರ ಹೊಳೆಯುತ್ತಿದ್ದವು.
ಮುಖವೆಲ್ಲ ಕೆಸರು, ತುಟಿಯ ಸುತ್ತ ಉಪ್ಪು.
ವ್ಯಾನು ಹತ್ತಲೊಲ್ಲೆ ಎಂದವನು.
ಈಗ ಅವನಿಗೂ ನನಗೂ ಏನೂ ಅಧಿಕಾರವಿಲ್ಲ,
ಈ ರಸ್ತೆಯ ಮಟ್ಟಿಗೆ ಅವನೊಬ್ಬ ಸೈಕಲ್ಲಿನವ, ನಾನೊಬ್ಬ ಮುದುಕಿ.
ಬಲಗಡೆಯಿಂದ ಹಾಲಿನ ಟ್ಯಾಂಕರು ಬರುತ್ತಿತ್ತು.

ಬಿಲ್ಲೆ ಎತ್ತಿದೆ.

ಬ್ರೇಕು ಕಿರುಚಿತು, ಟ್ಯಾಂಕರು ತುಳುಕಿ ನಿಂತಿತು.
ಎಡಕ್ಕೋ ನೇರಕ್ಕೋ, ಅವನ ಕೈ ಕೇಳಿತು.
ನೇರ, ಆಮೇಲೆ ಇಗರ್ಜಿಯ ಹತ್ತಿರ ಎಡಕ್ಕೆ,
ಅಲ್ಲಿ ಕಲ್ಲುಹಾಸು ಒದ್ದೆ, ಹುಷಾರು, ಎಂದು ಕೂಗಿದೆ.
ಅವನಿಗೆ ನಮ್ಮ ಭಾಷೆ ಬರುತ್ತಿತ್ತೋ ಏನೋ.
ಈ ಸಲ ಬೆನ್ನು ತಿರುಗಿಸಿ ನಿಲ್ಲಲಿಲ್ಲ,
ಅವನು ಚುಕ್ಕೆಯಾಗುವವರೆಗೆ ನೋಡಿದೆ.

ಅವನು ಎಷ್ಟನೆಯವನು,
ಟ್ಯಾಂಕರಿನವ ಕಿಟಕಿಯಿಂದ ತಲೆ ಹಾಕಿ ಕೇಳಿದ.
ನಾನೇನು ಕಂಡೆ, ಅಂದೆ.
ಹೋಗು, ಹಾಲು ಕೆಟ್ಟೀತು.