ಹನ್ನೊಂದು ಮಡಕೆ

ಅವ್ವ ಕುಂಚವನ್ನು ತುಟಿಯಲ್ಲಿಟ್ಟು ಮೊನೆ ಮಾಡುತ್ತಿದ್ದಳು
ದಿನಕ್ಕೆ ನೂರು ಸಲ. ಅವಳ ಅವ್ವನೂ ಹಾಗೆಯೇ.
ಬಟ್ಟಲಲ್ಲಿ ಕಿತ್ತಳೆ ಪುಡಿ ಕಲಸಿದ ನೀರು,
ಮೀನಿನ ಬಾಲಕ್ಕೊಂದು ಗೀಟು, ಮತ್ತೆ ತುಟಿ.
ಸಣ್ಣಗೆ ಸಿಹಿ ಇರುತ್ತೆ ಅನ್ನುತ್ತಿದ್ದಳು. ನನಗೂ ನೆಕ್ಕಿಸಿದ್ದಳು
ಒಂದು ಸಲ, ಸತ್ತವರ ಹಬ್ಬದ ಹಿಂದಿನ ದಿನ.

ಆ ಪುಡಿಗೆ ನಮ್ಮ ಕಡೆ ಗ್ರೇತಾ ಅನ್ನುತ್ತಾರೆ,
ಹೆಣ್ಣುಮಗಳ ಹೆಸರಿನ ಹಾಗೆ.
ಮೊರೇಲಿಯಾದಿಂದ ಕಿಲೋ ಲೆಕ್ಕದಲ್ಲಿ ಬರುತ್ತಾಳೆ,
ಅಡುಗೆಮನೆಯ ಮೂಲೆಯಲ್ಲಿ ಜೋಳದ ಚೀಲಕ್ಕೆ ಒರಗಿ ಕೂರುತ್ತಾಳೆ.
ಬೆಂಕಿಗೆ ಬಿದ್ದರೆ ಗಾಜು.
ಕಾಳು ಬೇಯಿಸುವ ಮಡಕೆಯ ಹೊಟ್ಟೆಯೊಳಗೆ
ನಮ್ಮ ಮುಖ ನಮಗೇ ಕಾಣುವಷ್ಟು ಮೆರುಗು.

ಕೈ ಕೆಸರಾದರೆ ಬಾಯಿ ಮೊಸರು, ನಿಜ.
ಕೆಸರೇ ನೆಟ್ಟಗೆ ಬಾಯಿಗೆ ಹೋದರೆ?
ಮೊದಲು ಹೊಟ್ಟೆನೋವು. ಮುಟ್ಟಿನದೆಂದರು, ಮೆಣಸಿನಕಾಯಿಯದೆಂದರು.
ತಮ್ಮ ನಾಬೋರ್ ಹನ್ನೆರಡಾದರೂ
ಏಳರ ಮಗ್ಗಿಯಲ್ಲಿ ದಾರಿ ತಪ್ಪುತ್ತಿದ್ದ.
ದಡ್ಡ ಅಂದರು ಎಲ್ಲರೂ. ನಾನೂ ಅಂದೆ.
ಕಳೆದ ಮಳೆಗಾಲ ಅವ್ವನ ಬಲಗೈ
ಮಣಿಕಟ್ಟಿನಿಂದ ಜೋತುಬಿತ್ತು.
ಎಡಗೈಯಿಂದ ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡು
ನಕ್ಕಳು: ಪಾಪ, ಇದಕ್ಕೆ ನಿದ್ದೆ ಬಂತು.

ನರ್ಸ್ ಒಫೀಲಿಯಾ ಬಂದದ್ದು ಮಧ್ಯಾಹ್ನದ ಬಸ್ಸಿಗೆ,
ಊಟದ ಡಬ್ಬಿಯಷ್ಟೇ ಒಂದು ಪೆಟ್ಟಿಗೆ ಹಿಡಿದು.
ಬೆರಳು ಚುಚ್ಚಿದಳು. ಭಾಷಣ ಮಾಡಲಿಲ್ಲ.
ಹಳದಿ ಹತ್ತಿಕಡ್ಡಿಗಳನ್ನು ನನ್ನ ಕೈಗೇ ಕೊಟ್ಟು
ಒರೆಸು ಅಂದಳು, ಎಲ್ಲಿ ಬೇಕಾದರೂ. ಸೀಸವಿದ್ದರೆ ಅದೇ ಹೇಳುತ್ತೆ.
ಮಡಕೆ ಕೆಂಪು.
ಊಟದ ಮೇಜು ಕೆಂಪು.
ಅವ್ವನ ಶಾಲು, ಬಾಗಿಲ ಚಿಲಕ.
ತೊಟ್ಟಿಲ ಹತ್ತಿರ ಬಂದಾಗ ಕಡ್ಡಿ ಕೆಳಗಿಟ್ಟೆ.
ಅವಳು ಒತ್ತಾಯಿಸಲಿಲ್ಲ. ತಾನೇ ಒರೆಸಿದಳು.

ಹೊಸ ಪುಡಿ ಬಂತು, ಬಿಳಿ, ಕರೆಯಲು ಹೆಸರಿಲ್ಲ.
ಅದನ್ನು ಅಂಗಳದಾಚೆಯ ಚಪ್ಪರದಲ್ಲಿ ಕಲಸಿದೆವು, ಕೈಗವಸು ತೊಟ್ಟು,
ಕೆಲಸದ ಬಟ್ಟೆ ಮನೆಯೊಳಗೆ ಬರದಂತೆ ಗೂಟಕ್ಕೆ ಹಾಕಿ.
ಸುಟ್ಟೆವು. ಒರೆಸಿದೆ.
ಕೆಂಪು.

ಒಫೀಲಿಯಾ ಆವಿಗೆಯೊಳಗೆ ಟಾರ್ಚು ಬಿಟ್ಟಳು:
ಅರವತ್ತು ವರ್ಷದ ಹೊಗೆ ಗೋಡೆಗೆ ಹತ್ತಿ ಮಿನುಗುತ್ತಿತ್ತು.
ಅಜ್ಜ ಕಟ್ಟಿದ್ದು, ಮದುವೆಗೂ ಮುಂಚೆ.
ಇಟ್ಟಿಗೆ ಏನನ್ನೂ ಮರೆಯುವುದಿಲ್ಲ;
ಬಿಸಿಯಾದಾಗೆಲ್ಲ ಹೇಳಿಬಿಡುತ್ತದೆ.

ಒಡೆಯುವ ಮುಂಚೆ ನೆನೆಸಿ, ದೂಳು ಏಳಬಾರದು, ಅಂದಿದ್ದಳು.
ಕೊಡ ಕೊಡ ನೀರು ಹೊಯ್ದೆವು,
ಹೆಣ ಮೀಯಿಸಿದ ಹಾಗೆ, ತಲೆಯಿಂದ ಕಾಲವರೆಗೆ.
ಮುಖಗವಸಿನ ಹಿಂದೆ ಯಾರು ಅತ್ತರೋ ಗೊತ್ತಾಗಲಿಲ್ಲ.
ಮೊದಲ ಪೆಟ್ಟು ಅವ್ವನದು, ಎಡಗೈಯದು,
ಇಟ್ಟಿಗೆಗೆ ತಾಗಲೇ ಇಲ್ಲ. ಎರಡನೆಯದು ತಾಗಿತು.

ಹೊಸ ಆವಿಗೆಯ ಮೊದಲ ಸುಡುವಿಕೆಗೆ ಇಪ್ಪತ್ತು ಮಡಕೆ.
ಒಂಬತ್ತು ಸೀಳಿದವು.
ಉಳಿದ ಹನ್ನೊಂದರ ಮೇಲೆ ಉಜ್ಜಿ ಉಜ್ಜಿ ನೋಡಿದೆ,
ಕಡ್ಡಿ ಹಳದಿಯಾಗಿಯೇ ಉಳಿಯಿತು.
ವ್ಯಾಪಾರಿ ಬಾಲ್ದೊಮೇರೋ ಬಿಸಿಲಿಗೆ ಹಿಡಿದು ನೋಡಿದ:
ಮಂಕು. ಇದರಲ್ಲಿ ಕಾಳು ರುಚಿಯಾಗೋದಿಲ್ಲ ಕಣಮ್ಮ.
ಬೆಲೆಯಲ್ಲಿ ಮೂರನೇ ಒಂದು ಪಾಲು ಕಿತ್ತುಕೊಂಡ.
ಅವ್ವ ಬೆರಳ ಗೆಣ್ಣಿನಿಂದ ಒಂದನ್ನು ತಟ್ಟಿ, ಕಿವಿಗೊಟ್ಟು,
ಇದು ಮಾರಾಟಕ್ಕಿಲ್ಲ ಎಂದು ಒಳಗೆ ಒಯ್ದಳು.

ಈಗ ಎಡಗೈಯಲ್ಲಿ ಮೀನು ಬರೆಯುತ್ತಾಳೆ. ಸೊಟ್ಟ ಮೀನು.
ಕುಂಚ ತುಟಿಯತ್ತ ಏಳುತ್ತದೆ,
ಅರ್ಧ ದಾರಿಗೆ ನಿಲ್ಲುತ್ತದೆ.
ಒದ್ದೆ ಸ್ಪಂಜು ಚಾಚುವ ಕೆಲಸ ನಾಬೋರನದು.
ಏಳೇಳು ನಲವತ್ತೆಂಟು, ಅನ್ನುತ್ತಾನೆ, ಯಾರೂ ಕೇಳದಿದ್ದರೂ.
ನಾನು ತಿದ್ದುವುದಿಲ್ಲ.
ಅವ್ವ ಸ್ಪಂಜಿಗೆ ಕುಂಚ ಒತ್ತಿ
ಬಾಲ ಎಳೆಯುತ್ತಾಳೆ.