ಷರಾ

ದುರ್ಗಿಗುಡಿಯಲ್ಲಿ ಜೆರಾಕ್ಸ್ ಅಂಗಡಿಯ ಮೇಲೆ
ಕಬ್ಬಿಣದ ಮೆಟ್ಟಿಲು ಹತ್ತಿದರೆ ಪೈಗಳ ಆಫೀಸು.
ಜುಲೈ ಇಪ್ಪತ್ತೊಂಬತ್ತು. ಬೆಂಚಿನ ತುಂಬ
ಮೇಷ್ಟ್ರುಗಳು, ನರ್ಸುಗಳು, ಎಲ್ಲರ ತೊಡೆಯ ಮೇಲೂ
ಒಂದೊಂದು ಪ್ಲಾಸ್ಟಿಕ್ ಚೀಲ.
ನಮ್ಮದರಲ್ಲಿ ಮದುವೆ ಸರ್ಟಿಫಿಕೇಟೂ ಇತ್ತು.
ಲ್ಯಾಮಿನೇಟ್ ಮಾಡಿಸಿ ತಂದಿದ್ದ ಹಾಲೇಶ,
ಕೇಳಿದರೆ ಇರಲಿ ಎಂದು.

ಕೇಳಲಿಲ್ಲ.

ಪೈಗಳು ತಲೆ ಎತ್ತದೆ, "ಹಳೇ ಪದ್ಧತಿಯೋ, ಹೊಸದೋ?"
"ಹೊಸದೇ ಸಾರ್. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ.
ಹಾರ ಅಷ್ಟೇ, ಓಲಗ ಇಲ್ಲ."
ಬೆಂಚು ನಕ್ಕಿತು. ಪೈಗಳೂ ನಕ್ಕರು,
ಕನ್ನಡಕ ಒರೆಸಿಕೊಂಡು ತೆರಿಗೆಯ ಪದ್ಧತಿ ಹೇಳಿದರು,
ನಿಧಾನಕ್ಕೆ, ಎರಡು ಸಲ.

"ಅಕ್ಟೋಬರಲ್ಲಿ ಮದುವೆ ಸಾರ್," ನಾನು ಕೇಳಿದೆ,
"ಅರ್ಧ ವರ್ಷ ಒಬ್ಬೊಬ್ಬರು, ಉಳಿದರ್ಧ ಇಬ್ಬರು.
ಒಟ್ಟಿಗೆ ಒಂದೇ ತುಂಬಕ್ಕೆ ಬರಲ್ವಾ?"
"ಇಲ್ಲಮ್ಮ. ಮನೆ ಒಂದೇ ಇರಬಹುದು, ಫಾರಂ ಎರಡು.
ನೀವೂ ವ್ಯಕ್ತಿ, ಅವರೂ ವ್ಯಕ್ತಿ."
ಗಂಡನ ಹೆಸರಿಗೆ ಅಲ್ಲಿ ಕಾಲಂ ಕೂಡ ಇಲ್ಲ.
ತಂದೆಯ ಹೆಸರು: ಟೀಕ್ಯಾ ನಾಯ್ಕ.
ಗಾಡಿಕೊಪ್ಪದ ಸಾಮಿಲ್ಲಿನಲ್ಲಿ ದಿಮ್ಮಿ ಹೊತ್ತವನು,
ಬದುಕಿದ್ದಾಗ ಒಂದು ಪೈಸೆ ತೆರಿಗೆ ಕಟ್ಟದವನು,
ಸತ್ತು ಆರು ವರ್ಷವಾದರೂ ಜುಲೈ ಬಂದರೆ
ನನ್ನ ಜೊತೆ ಮೆಟ್ಟಿಲು ಹತ್ತುತ್ತಾನೆ.

ಪಾಸ್‌ಬುಕ್ಕಿನ ಮೇಲೆ ಪೈಗಳ ಪೆನ್ನು ನಿಂತಿತು.
ಸೆಪ್ಟೆಂಬರ್ ಹತ್ತೊಂಬತ್ತು. ನನ್ನಿಂದ ಹಾಲೇಶನಿಗೆ
ಎಂಬತ್ತು ಸಾವಿರ. ಷರಾ: ಮೆಣಸಿನಕಾಯಿ.
"ಇದೇನಮ್ಮ?"
"ಗಿರಣಿಗೆ ಖಾರ ಕುಟ್ಟೋ ಮಷೀನು ಸಾರ್.
ಏನಾದರೂ ಟೈಪ್ ಮಾಡು ಅಂತ ಫೋನು ಕೇಳ್ತು."

ಅವರು ಬೆರಳು ಮಡಚಿದರು.
ಉಡುಗೊರೆಯಾದರೆ, ಮದುವೆಗೆ ಮುಂಚೆ ನೀವು ಹೊರಗಿನವರು.
ಐವತ್ತು ಸಾವಿರ ದಾಟಿದೆ, ತೆರಿಗೆ ಅವರ ತಲೆಗೆ.
ಮದುವೆಯ ನಂತರ ಕೊಟ್ಟಿದ್ದರೆ ಹತ್ತಿರದವರು,
ಅವರಿಗೆ ತೆರಿಗೆ ಇಲ್ಲ. ಆದರೆ ಆ ದುಡ್ಡು ದುಡಿದದ್ದು
ತಿರುಗಿ ನಿಮ್ಮ ಲೆಕ್ಕಕ್ಕೇ ಬರುತ್ತಿತ್ತು.
ಸಾಲವಾದರೆ ಎರಡೂ ಇಲ್ಲ.
"ಸುಮ್ಮನೆ ಬರೆಯೋದಲ್ಲ. ನಿಜ ಹೇಳಿ, ಯಾವುದು?"

ಸೆಪ್ಟೆಂಬರ್ ಹತ್ತೊಂಬತ್ತು. ವಿನೋಬನಗರದ ಗಿರಣಿಯಲ್ಲಿ
ಸ್ಟೂಲಿನ ಮೇಲೆ ಕೂತು ಫೋನು ಒತ್ತಿದ್ದೆ.
ರೆಪ್ಪೆಯ ಮೇಲೆ ಅವನ ರಾಗಿ ಹಿಟ್ಟು.
ಅಷ್ಟಾದರೂ ಹೊರಗಿನವಳು.
ಸಾಲವೋ ಉಡುಗೊರೆಯೋ, ಮಾತೇ ಆಡಿರಲಿಲ್ಲ ನಾವು.
ಆಸ್ಪತ್ರೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ
ಪ್ರತಿ ರಕ್ತದ ಟ್ಯೂಬಿಗೂ ಚೀಟಿ ಅಂಟಿಸುವವಳು,
ಇದೊಂದಕ್ಕೆ ಅಂಟಿಸಿರಲಿಲ್ಲ.

"ಸಾಲ ಸಾರ್," ಅಂದುಬಿಟ್ಟ ಹಾಲೇಶ.
ಒಂದು ಕ್ಷಣ ಯೋಚಿಸಬಾರದಿತ್ತೇ?
ಎಲ್ಲೋ ಚುರುಕ್ ಎಂದಿತು.
ಸಹಿ ಮಾಡಿದೆ. ಕೆಳಗಿಳಿದು
ಗೋಪಿ ಸರ್ಕಲ್ಲಿನವರೆಗೂ ಮಾತಾಡಲಿಲ್ಲ.

ಅವನು ಗಾಡಿಯನ್ನು ಮನೆಯ ಕಡೆ ತಿರುಗಿಸಲಿಲ್ಲ.
ಗಿರಣಿಯ ಷಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ,
ಮೀಟರ್ ಬೋರ್ಡಿನ ಪಕ್ಕದ ಗೋಡೆಗೆ ಟಾರ್ಚು ಬಿಟ್ಟ.
ಸೀಮೆಸುಣ್ಣದಲ್ಲಿ ಬೀದಿಯ ಬಾಕಿಯೆಲ್ಲ ಇತ್ತು:
ಗೌರಮ್ಮ, ಜೋಳ, ಹದಿನೆಂಟು.
ಹಾಸ್ಟೆಲ್ಲು, ಗೋಧಿ, ಎರಡು ಮೂಟೆ.
ಎಲ್ಲದರ ಮೇಲೆ, ಯಾರ ಕೈಯೂ ತಾಗದಷ್ಟು ಎತ್ತರದಲ್ಲಿ,
ರೇಣುಕಾ, ಎಂಬತ್ತು ಸಾವಿರ, ೧೯-೯.
ಮೇಲೆ ವರ್ಷದ ಹಿಟ್ಟು ಕೂತು
ಅಕ್ಷರ ದಪ್ಪಗಾಗಿತ್ತು.

"ಅವತ್ತೇ ಬರೆದಿದ್ದೆ," ಅಂದ.
"ಆಗಿನ್ನೂ ನೀನು ಹೂಂ ಅಂದಿರಲಿಲ್ಲ.
ಉಡುಗೊರೆ ಅಂದುಕೊಳ್ಳೋಕೆ ಧೈರ್ಯ ಬೇಡವಾ?"

ಈಗ ಪ್ರತಿ ಐದನೇ ತಾರೀಕು,
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿರುವಾಗ,
ಕೋಟಿನ ಜೇಬು ನಡುಗುತ್ತದೆ. ಎರಡು ಸಾವಿರ.
ಒಂದು ಸಲ ಸಾವಿರದ ಎಂಟುನೂರು,
ಬೆಲ್ಟ್ ಹರಿದಿತ್ತಂತೆ.
ಷರಾ ಜಾಗ ಖಾಲಿ.
ಟೈಪ್ ಮಾಡಲು ಹೋದರೆ ಪರದೆಗೆಲ್ಲ ಮೆತ್ತುತ್ತದೆ ಎನ್ನುತ್ತಾನೆ,
ಕೈಯ ಖಾರ.