ಮಂಗಳವಾರದ ಕೆರೆ

ಮಂಗಳವಾರ ಊರಿನ ಕತ್ತರಿಗಳಿಗೆಲ್ಲ ರಜಾ.
ಅದಕ್ಕೇ ಅವತ್ತೇ ಬರುತ್ತಾರೆ ಗವಿರಂಗಪ್ಪ
ಅರಸೀಕೆರೆ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿಗೆ,
ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ.
ಸ್ಟೇಷನ್ನಿನಲ್ಲಿ ಪ್ಯಾಸೆಂಜರು ಕೂಗುವ ಹೊತ್ತಿಗೆ
ಪಂಚೆ ಮೇಲೆತ್ತಿ ಸ್ಟೂಲಿಗೆ ಕಾಲು ಇಟ್ಟಿರುತ್ತಾರೆ,
ಅವರ ಕುರ್ಚಿಯಲ್ಲಿ ಗಿರಾಕಿ
ಕತ್ತು ಒಪ್ಪಿಸಿ ಕೂರುವ ಹಾಗೆ.

ಮೂವತ್ತೊಂದು ವರ್ಷ ನಿಂತ ಕಾಲು.
ಕೆಳಗಿಳಿದ ರಕ್ತ ಮೇಲೆ ಹತ್ತಲು ಬೇಸತ್ತು
ಹರಡಿನ ಒಳಮಗ್ಗುಲಿಗೆ ಬಿಡಾರ ಹೂಡಿತು:
ಮೊದಲು ನೇರಳೆ ಕಲೆ, ಆಮೇಲೆ ತುರಿಕೆ,
ಆಮೇಲೆ, ಎರಡು ವರ್ಷದಿಂದ, ಇದು.

"ಒಣಗಲಿ ಅಂತ ಬಿಸಿಲಿಗೆ ಹಿಡಿದೆ ಸಿಸ್ಟರ್.
ಅರಿಶಿನ ಹಾಕಿದೆ. ಕಾಫಿಪುಡಿ ಹಾಕಿದೆ.
ಊರ ಗದ್ದವನ್ನೆಲ್ಲ ಕಾದ ಪಟಿಕ
ನನ್ನ ಕಾಲು ಕಾಯಲಿಲ್ಲ ನೋಡಿ."
ಅವರಜ್ಜ ಕುರು ಕೊಯ್ಯುತ್ತಿದ್ದರಂತೆ;
ಬಾಣಾವರದಿಂದ ಗಾಡಿ ಕಟ್ಟಿಸಿಕೊಂಡು
ನರಳುತ್ತ ಬಂದವರು ನಡೆದು ಹೋಗುತ್ತಿದ್ದರಂತೆ.
ಆ ಕತ್ತಿ ಇನ್ನೂ ಇದೆ. ಹಿಡಿಗೆ ದಾರ ಸುತ್ತಿದೆ.

ನಾನು ಸಲೈನ್ ಸುರಿದು ಕಾಯುತ್ತೇನೆ.
ಅಂಟಿದ ಬಟ್ಟೆ ಸರಕ್ಕನೆ ಕಿತ್ತರೆ
ವಾರವಿಡೀ ನೇಯ್ದ ಎಳೆಚರ್ಮವೂ ಬರುತ್ತದೆ ಜೊತೆಗೆ.
"ಗಡ್ಡ ನೆನೆಸದೆ ಕತ್ತಿ ಇಡ್ತೀರಾ?" ಅಂದೆ ಒಮ್ಮೆ.
ಅವತ್ತಿನಿಂದ ಒಣಗಿಸುವ ಮಾತೆತ್ತಿಲ್ಲ.
ಹುಣ್ಣಿಗೆ ಬೇಕಾದ್ದು ಸಸಿಮಡಿಯ ಪದ:
ನೀರು ನಿಲ್ಲಬಾರದು, ನೆಲ ಬಿರಿಯಬಾರದು.

ಫೋಮ್ ಪಟ್ಟಿ ಬಂದರೆ ಬಂತು, ಇಲ್ಲದಿದ್ದರೆ
ಸ್ಟೋರಿನ ಹಾಲೇಶಿ ಇಂಡೆಂಟ್ ನೋಡಿ "ಮುಂದಿನ ತಿಂಗಳು" ಅನ್ನುತ್ತಾನೆ.
ಬಂದಾಗ ಒಂದನ್ನು ಇಬ್ಬರಿಗೆ ಕತ್ತರಿಸುತ್ತೇನೆ,
ಇವರಿಗರ್ಧ, ಸಕ್ಕರೆ ಕಾಯಿಲೆಯ ನೂರುನ್ನಿಸಾಗೆ ಅರ್ಧ.
ನನ್ನ ಅಂಚು ಸೊಟ್ಟ.
"ಕೊಡೀಮ್ಮ ಇಲ್ಲಿ," ಅಂದು, ಕೈಗೆ ಗ್ಲೌಸ್ ಹಾಕಿಸಿಕೊಂಡು
ಎರಡೂ ಸುತ್ತ ಸಾಪಾಗಿ ತೆಗೆದುಕೊಟ್ಟರು,
ಊದಿದರು ಕೂಡ, ಅಭ್ಯಾಸಬಲ.
ಇನ್ನೊಂದು ಒಡೆಯಬೇಕಾಯಿತು.

ವಾರಕ್ಕೊಮ್ಮೆ, ಪಾರದರ್ಶಕ ಹಾಳೆಯಿಟ್ಟು
ಹುಣ್ಣಿನ ಅಂಚನ್ನು ಮಾರ್ಕರಿನಲ್ಲಿ ಬರೆದುಕೊಳ್ಳುತ್ತೇನೆ.
ಹಾಳೆಗಳ ಜೋಡಿಸಿ ಕಿಟಕಿಗೆ ಹಿಡಿದರೆ
ದಡದೊಳಗೆ ದಡ, ದಡದೊಳಗೆ ದಡ.
"ಕೆರೆ," ಅಂದರು. "ಕೋಡಿ ಎಲ್ಲಿ ಇದಕ್ಕೆ?"
ಊರಿಗೆ ಊರೇ ಬಾಗಿನ ಹಿಡಿದು
ಕೆರೆ ತುಂಬಲಿ ಎಂದು ಮುಗಿಲು ನೋಡುವಾಗ
ಒಂದು ಕೆರೆ ಚಿಕ್ಕದಾಗಲಿ ಎಂದು
ನಾವಿಬ್ಬರೇ.

ಪಾದದ ನಾಡಿ ಅರಸಿ, ಸಿಕ್ಕ ಮೇಲೆ
ಬೆರಳ ಬುಡದಿಂದ ಮಂಡಿಯ ಕೆಳಗಿನವರೆಗೆ
ಅರ್ಧದ ಮೇಲೆ ಅರ್ಧ ಸುತ್ತುತ್ತೇನೆ ಪಟ್ಟಿ.
"ಬಿಗಿಯಾಯ್ತಾ?"
"ಕೊರಳಿಗೆ ಬಟ್ಟೆ ಕಟ್ಟಿ ನಾನೂ ಇದನ್ನೇ ಕೇಳೋದು."
"ಮಾಯುವಾಗ ತುರಿಸುತ್ತೆ. ಕೆರೀಬೇಡಿ."
"ಕೆರೆ ಬೇಡ ಅಂತಲೇ ಅಲ್ಲವೇ ಬರ್ತಿರೋದು!"

ಹೋದ ಭಾನುವಾರ ಮುಹೂರ್ತಗಳು ಹೆಚ್ಚು.
ಹನ್ನೊಂದು ತಾಸು ನಿಂತರಂತೆ, ಮದುಮಕ್ಕಳ ಗಲ್ಲ ನುಣುಪಿಸುತ್ತ.
ಇವತ್ತಿನ ಗೆರೆ
ಹಿಂದಿನ ಗೆರೆಯ ಆಚೆಗೆ ಬಂತು.
ನಾನು ಹಾಳೆಯನ್ನು ಫೈಲಿಗೆ ಸೇರಿಸಲು ಅವಸರಿಸಿದೆ.
ದಿನವೆಲ್ಲ ಕನ್ನಡಿಯಲ್ಲಿ ಮುಖ ಓದುವವರಿಗೆ
ಏನು ಮುಚ್ಚಿಡುವುದು?

ಅವರು ಮಾತ್ರ ಹಾಳೆ ನೋಡಲಿಲ್ಲ.
ನನ್ನ ಕಾಲು ನೋಡುತ್ತಿದ್ದರು;
ಬಿಳಿ ಸಾಕ್ಸಿನ ಅಂಚು ಕಚ್ಚಿದ ಕಡೆ
ಬಾತ ಹರಡು, ಮೇಲೊಂದು ನೇರಳೆ ಕಲೆ.
"ಎಷ್ಟು ಹೊತ್ತಿಗೆ ನಿಂತಿರಿ ಇವತ್ತು?"

ಒಳ್ಳೆಯ ಕಾಲಿನಿಂದ ಸ್ಟೂಲನ್ನು
ನನ್ನ ಕಡೆಗೆ ತಳ್ಳಿದರು.
ಬಾಗಿಲಲ್ಲಿ ನೂರುನ್ನಿಸಾ, ಚೀಟಿ ಹಿಡಿದು.